ಗೈಡು ಮುಚ್ಚಿ, ಲೆಕ್ಕ ಬಿಚ್ಚಿ!

ಕನ್ನಡದ ಹುಡುಗರಿಗೆ ಲೆಕ್ಕಪತ್ರ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಮ್ಮ ರಕ್ತ ಕುದಿಯುತ್ತದೆ. ಕುದಿಯಲಿ, ತಪ್ಪಲ್ಲ. ಆದರೆ ಕುದಿಯುವ ರಕ್ತದಿಂದ ಒಂದೇ ಒಂದು ಜರ್ನಲ್ ಎಂಟ್ರಿ ಬರೆಯಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಒಂದು ಖಾಲಿ ಹಾಳೆ, ಒಂದು ಪೆನ್ನು, ಅರ್ಧ ಗಂಟೆ ಕೂತು ಯೋಚಿಸುವ ತಾಳ್ಮೆ. ಮೊದಲೆರಡು ಎಲ್ಲರ ಬಳಿಯೂ ಇವೆ. ಮೂರನೆಯದನ್ನು ನಮ್ಮ ಯುವಕರ ಕೈಯಿಂದ ಕಿತ್ತುಕೊಂಡವರು ಯಾರು? ಇವತ್ತು ಅದನ್ನು ನೇರವಾಗಿ ಮಾತಾಡೋಣ.

ಯಾವ ಊರಿನ ಕಾಮರ್ಸ್ ಕಾಲೇಜಿಗೆ ಬೇಕಾದರೂ ಹೋಗಿ ನೋಡಿ. ಮೇಷ್ಟ್ರು ಪ್ರಾಬ್ಲಂ ಓದುತ್ತಾರೆ. ತಾವೇ ಬೋರ್ಡಿನ ಮೇಲೆ ಉತ್ತರ ಬರೆಯುತ್ತಾರೆ. ಕ್ಲಾಸಿನ ತಲೆಗಳೆಲ್ಲ ಬಗ್ಗಿ ಅದನ್ನೇ ನಕಲು ಮಾಡುತ್ತವೆ. ಬೋರ್ಡು ಒರೆಸುವ ಮೊದಲು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡವನೇ ಜಾಣ! ಪರೀಕ್ಷೆ ಹತ್ತಿರ ಬಂದ ಕೂಡಲೇ ಬಗಲಿಗೆ ಗೈಡು ಬರುತ್ತದೆ. ಅದರಲ್ಲಿ ಕಳೆದ ವರ್ಷದ ಪ್ರಾಬ್ಲಮ್ಮೇ ಇರುತ್ತದೆ, ಅಂಕಿ ಮಾತ್ರ ಬದಲು. 50,000 ಇದ್ದದ್ದು 60,000 ಆಗಿರುತ್ತದೆ. ಹುಡುಗ ಅದನ್ನೂ ಬಾಯಿಪಾಠ ಹೊಡೆಯುತ್ತಾನೆ. ಲೆಕ್ಕವನ್ನು ಬಾಯಿಪಾಠ ಹೊಡೆಯುವುದು ಎಂದರೇನು ಸ್ವಾಮಿ? ಈಜುವುದನ್ನು ಬಾಯಿಪಾಠ ಮಾಡಿ ಕೆರೆಗೆ ಹಾರಿದ ಹಾಗೆ!

ಕಾಲೇಜು ಮುಗಿಯುತ್ತದೆ, ಅಂಕಪಟ್ಟಿ ಕೈಗೆ ಬರುತ್ತದೆ. ಆಡಿಟರ ಕಛೇರಿಯಲ್ಲಿ ಕೆಲಸ ಕೇಳಿಕೊಂಡು ಹೋದವನ ಮುಂದೆ ಒಂದು ಬಿಲ್ಲಿನ ಕಟ್ಟು ಇಟ್ಟು ‘ಇದನ್ನು ಎಂಟ್ರಿ ಮಾಡಪ್ಪ’ ಎನ್ನುತ್ತಾರೆ. ಅದರಲ್ಲಿ ‘ಪ್ರಾಬ್ಲಂ ನಂಬರ್ 7’ ಎಂದು ಬರೆದಿರುವುದಿಲ್ಲ. ಅಲ್ಲಿಗೆ ಹುಡುಗ ಬೆವರುತ್ತಾನೆ. ಆಮೇಲೆ ‘ಹೊರಗಿನವರಿಗೇ ಕೆಲಸ ಕೊಡುತ್ತಾರೆ’ ಎಂದು ನಾವು ಬೀದಿಗಿಳಿಯಬೇಕು. ಬೀದಿಗೂ ಇಳಿಯೋಣ, ಆದರೆ ಹುಡುಗನ ಕೈಯಲ್ಲಿ ವಿದ್ಯೆ ಇಟ್ಟು ಇಳಿಯೋಣ.

ಕೊಟ್ಟವನು ಕೋಡಂಗಿ ಅಲ್ಲ!

ಮೊದಲ ವಾರದಲ್ಲೇ ಹುಡುಗರ ಬಾಯಿಗೆ ಮೂರು ಮಂತ್ರ ತುರುಕುತ್ತಾರೆ. ಸುವರ್ಣ ನಿಯಮಗಳಂತೆ! ಗಿಳಿಯ ಹಾಗೆ ಒಪ್ಪಿಸುತ್ತಾರೆ, ಅರ್ಥ ಕೇಳಿದರೆ ಮುಖ ನೋಡುತ್ತಾರೆ. ಅದೇ ಮೂರು ನಿಯಮಗಳನ್ನು ನಮ್ಮ ಮನೆಮಾತಿನಲ್ಲಿ ಹೇಳಿ ನೋಡಿ. ಇಸ್ಕೊಂಡವನ ಖಾತೆಗೆ ಡೆಬಿಟ್, ಕೊಟ್ಟವನ ಖಾತೆಗೆ ಕ್ರೆಡಿಟ್. ಒಳಗೆ ಬಂದ ವಸ್ತುವಿಗೆ ಡೆಬಿಟ್, ಹೊರಗೆ ಹೋದ ವಸ್ತುವಿಗೆ ಕ್ರೆಡಿಟ್. ಖರ್ಚು ನಷ್ಟಗಳಿಗೆ ಡೆಬಿಟ್, ಆದಾಯ ಲಾಭಗಳಿಗೆ ಕ್ರೆಡಿಟ್. ಇದರಲ್ಲಿ ಅರ್ಥವಾಗದ್ದು ಏನಿದೆ?

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎನ್ನುತ್ತದೆ ನಮ್ಮ ಗಾದೆ. ಲೆಕ್ಕಶಾಸ್ತ್ರ ಹುಟ್ಟಿದ್ದೇ ಈ ಗಾದೆಯನ್ನು ಸುಳ್ಳು ಮಾಡುವುದಕ್ಕೆ. ಕೊಟ್ಟವನ ಹೆಸರನ್ನು ಬಲಗಡೆ ಬರೆದು, ‘ಇವನಿಗೆ ನಾವು ಬಾಕಿ’ ಎಂದು ಒಪ್ಪಿಕೊಳ್ಳುವುದೇ ಕ್ರೆಡಿಟ್. ಇಸ್ಕೊಂಡವನ ಹೆಸರನ್ನು ಎಡಗಡೆ ಬರೆದು, ‘ಇವನು ನಮಗೆ ಬಾಕಿ’ ಎಂದು ಹಿಡಿದು ನಿಲ್ಲಿಸುವುದೇ ಡೆಬಿಟ್. ಈರಭದ್ರನೂ ಇಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಇಲ್ಲೊಂದು ಗೊಂದಲ ಸಾವಿರಾರು ಹುಡುಗರನ್ನು ಕೆಡವುತ್ತದೆ. ಸಂಬಳ ಬಂದಾಗ ಬ್ಯಾಂಕಿನಿಂದ ಮೊಬೈಲಿಗೆ ‘ಕ್ರೆಡಿಟ್ ಆಗಿದೆ’ ಎಂದು ಮೆಸೇಜು ಬರುತ್ತದೆ. ದುಡ್ಡು ಹೋದರೆ ‘ಡೆಬಿಟ್’. ಹಾಗಾಗಿ ಕ್ರೆಡಿಟ್ ಎಂದರೆ ಒಳ್ಳೆಯದು, ಡೆಬಿಟ್ ಎಂದರೆ ಕೆಟ್ಟದ್ದು ಎಂದು ತಲೆಯಲ್ಲಿ ಕೂತುಬಿಡುತ್ತದೆ. ಕ್ಲಾಸಿಗೆ ಬಂದರೆ ಎಲ್ಲ ತಲೆಕೆಳಗು! ದುಡ್ಡು ಬ್ಯಾಂಕಿಗೆ ಬಂತು ಎಂದರೆ ಬ್ಯಾಂಕ್ ಖಾತೆಗೆ ಡೆಬಿಟ್ ಬರೆಯಿರಿ ಎನ್ನುತ್ತಾರೆ. ಯಾಕೆ? ಯಾಕೆಂದರೆ ಆ ಮೆಸೇಜು ಬ್ಯಾಂಕಿನ ಪುಸ್ತಕದ್ದು, ನಿಮ್ಮದಲ್ಲ. ನೀವು ಹಣ ಇಟ್ಟರೆ ಬ್ಯಾಂಕು ನಿಮಗೆ ಸಾಲಗಾರ. ಅದರ ಪುಸ್ತಕದಲ್ಲಿ ನೀವು ಕೊಟ್ಟವರು, ಆದ್ದರಿಂದ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಬ್ಯಾಂಕು ಇಸ್ಕೊಂಡದ್ದು, ಆದ್ದರಿಂದ ಡೆಬಿಟ್. ‘ಇದು ಯಾರ ಪುಸ್ತಕ?’ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ವರ್ಷದ ಗೊಂದಲ ಐದು ನಿಮಿಷದಲ್ಲಿ ತೀರುತ್ತಿತ್ತು. ಗೈಡಿನಲ್ಲಿ ಆ ಪ್ರಶ್ನೆ ಇರುವುದಿಲ್ಲ, ಉತ್ತರ ಮಾತ್ರ ಇರುತ್ತದೆ.

ಬನ್ನಿ, ಒಂದು ಅಂಗಡಿ ತೆರೆಯೋಣ

ಬರೀ ಬೈದರೆ ಆಗಲಿಲ್ಲ. ಒಂದು ಪ್ರಾಬ್ಲಂ ಮಾಡಿಯೇ ತೋರಿಸೋಣ. ಪೆನ್ನು ತೆಗೆದುಕೊಳ್ಳಿ. ನಮ್ಮ ಹುಡುಗನೊಬ್ಬ ರಾಜಾಜಿನಗರದಲ್ಲಿ ಮೊಬೈಲ್ ಬಿಡಿಭಾಗಗಳ ಅಂಗಡಿ ತೆರೆದ ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ವ್ಯವಹಾರ ಇಷ್ಟು:

ಸ್ವಂತ ದುಡ್ಡು ಹಾಕಿದ್ದು 1,00,000 ರೂಪಾಯಿ.
ಅಂಗಡಿ ಮಾಲೀಕನಿಗೆ ಕೊಟ್ಟ ಅಡ್ವಾನ್ಸು 40,000.
ಎಸ್.ಪಿ. ರಸ್ತೆಯಿಂದ ತಂದ ಮಾಲು 50,000. ಅದರಲ್ಲಿ ನಗದು 20,000, ಉದ್ರಿ 30,000.
ತಂದ ಮಾಲಿನಲ್ಲಿ ಸರಿಯಾಗಿ ಅರ್ಧ ಮಾರಿದ್ದು 45,000ಕ್ಕೆ. ಅದರಲ್ಲಿ ನಗದು 30,000, ಉದ್ರಿ 15,000.
ತಿಂಗಳ ಬಾಡಿಗೆ 8,000.
ಕೊಂಡ ಉಪಕರಣ 10,000.
ಮನೆ ಖರ್ಚಿಗೆ ತೆಗೆದುಕೊಂಡು ಹೋದದ್ದು 5,000.

ತಿಂಗಳ ಕೊನೆಗೆ ಗಲ್ಲಾ ಎಣಿಸಿದರೆ 47,000 ಇದೆ. ಲೆಕ್ಕ ಕಲಿಯದವನು ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಒಂದು ಲಕ್ಷ ಹಾಕಿದ್ದೆ, 53,000 ಮುಳುಗಿತು! ಅಂಗಡಿ ಮುಚ್ಚೋಣ ಎನ್ನುತ್ತಾನೆ. ಎಷ್ಟು ಅಂಗಡಿಗಳು ಹೀಗೆ ಮುಚ್ಚಿಹೋಗಿವೆಯೋ ದೇವರೇ ಬಲ್ಲ.

ಈಗ ಖಾತೆ ಬರೆಯೋಣ. ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖ, ಅಷ್ಟೇ ಸೂತ್ರ. ಒಂದು ಲಕ್ಷ ಬಂತು, ನಗದು ಖಾತೆಗೆ ಡೆಬಿಟ್. ಕೊಟ್ಟವನು ಮಾಲೀಕ, ಬಂಡವಾಳ ಖಾತೆಗೆ ಕ್ರೆಡಿಟ್. ಅಂಗಡಿಯ ಲೆಕ್ಕದಲ್ಲಿ ಮಾಲೀಕನೂ ಹೊರಗಿನವನೇ ಎಂಬುದನ್ನು ಮರೆಯಬೇಡಿ. ಅಡ್ವಾನ್ಸು ಕೊಟ್ಟದ್ದು ಖರ್ಚೇ? ಅಲ್ಲ! ಖಾಲಿ ಮಾಡುವಾಗ ಅವನು ವಾಪಸು ಕೊಡಬೇಕು. ಅದು ನಮ್ಮ ಆಸ್ತಿ. ಮನೆಗೆ ಒಯ್ದ 5,000 ಅಂಗಡಿಯ ಖರ್ಚೇ? ಅದೂ ಅಲ್ಲ. ತನ್ನ ಬಂಡವಾಳದಲ್ಲೇ ಸ್ವಲ್ಪ ತೆಗೆದುಕೊಂಡದ್ದು. ಉಪಕರಣ ಒಂದೇ ತಿಂಗಳಿಗೆ ಸವೆದು ಹೋಗುವುದಿಲ್ಲ, ಅದೂ ಆಸ್ತಿಯೇ.

ಟ್ರಯಲ್ ಬ್ಯಾಲೆನ್ಸ್ ಅಂದರೆ ತಾಳೆಪಟ್ಟಿ ಹಾಕಿ. ಡೆಬಿಟ್ ಕಡೆ ನಗದು 47,000, ಅಡ್ವಾನ್ಸು 40,000, ಖರೀದಿ 50,000, ಗಿರಾಕಿಗಳ ಬಾಕಿ 15,000, ಬಾಡಿಗೆ 8,000, ಉಪಕರಣ 10,000, ಮನೆಗೆ ಒಯ್ದದ್ದು 5,000. ಕೂಡಿದರೆ 1,75,000. ಕ್ರೆಡಿಟ್ ಕಡೆ ಬಂಡವಾಳ 1,00,000, ಎಸ್.ಪಿ. ರಸ್ತೆಯವನಿಗೆ ಕೊಡಬೇಕಾದದ್ದು 30,000, ಮಾರಾಟ 45,000. ಅದೂ 1,75,000. ತಾಳೆಯಾಯಿತು!

ಲಾಭ ಎಷ್ಟು? ಮಾರಾಟ 45,000. ಮಾರಿದ ಮಾಲಿನ ಅಸಲು 25,000. ಬಾಡಿಗೆ 8,000. ಉಳಿದದ್ದು 12,000. ಉಪಕರಣದ ಒಂದು ತಿಂಗಳ ಸವಕಳಿ ಹಿಡಿದರೆ ಒಂದಿಷ್ಟು ಕಡಿಮೆಯಾದೀತು, ಅಷ್ಟೇ. 53,000 ಮುಳುಗಿತು ಎಂದು ಅಳುತ್ತಿದ್ದವನಿಗೆ ನಿಜವಾಗಿ 12,000 ಲಾಭ ಬಂದಿದೆ! ಅಢಾವೆ ಪತ್ರಿಕೆ ಹಾಕಿ ನೋಡಿ. ನಗದು 47,000, ಅಡ್ವಾನ್ಸು 40,000, ಉಳಿದ ಮಾಲು 25,000, ಬರಬೇಕಾದದ್ದು 15,000, ಉಪಕರಣ 10,000, ಒಟ್ಟು 1,37,000 ಆಸ್ತಿ. ಅದರಲ್ಲಿ ಹೊರಗಿನವನ ಪಾಲು 30,000. ಉಳಿದ 1,07,000 ಮಾಲೀಕನದು. ಅವನು ಹಾಕಿದ ಒಂದು ಲಕ್ಷಕ್ಕೆ 12,000 ಕೂಡಿಸಿ, ಮನೆಗೆ ಒಯ್ದ 5,000 ಕಳೆಯಿರಿ, ಅಷ್ಟೇ ಬರುತ್ತದೆ.

ನಗದು ಬೇರೆ, ಲಾಭ ಬೇರೆ. ಈ ಒಂದು ಮಾತು ಕೈಯಾರೆ ಲೆಕ್ಕ ಮಾಡಿದವನ ಎಲುಬಿಗೆ ಇಳಿಯುತ್ತದೆ. ನಕಲು ಹೊಡೆದವನ ತುಟಿಯಿಂದ ಕೆಳಗೆ ಇಳಿಯುವುದಿಲ್ಲ.

ತಾಳೆಯಾಯಿತು, ಆದರೂ ಸುಳ್ಳು!

ಈಗ ನಕಲಿಯ ಅಪಾಯ ನೋಡಿ. ಗೈಡಿನ ಹುಡುಗ ಅದೇ ಅಡ್ವಾನ್ಸನ್ನು ಬಾಡಿಗೆ ಖರ್ಚು ಎಂದು ಬರೆದ ಎನ್ನಿ. ಬಾಡಿಗೆ 48,000 ಆಯಿತು. 12,000 ಲಾಭದ ಜಾಗದಲ್ಲಿ 28,000 ನಷ್ಟ ಬಂತು. ಆದರೆ ತಾಳೆಪಟ್ಟಿ? ಎರಡೂ ಕಡೆ ಅದೇ 1,75,000! ಚೆನ್ನಾಗಿ ತಾಳೆಯಾಗುತ್ತದೆ. ಹುಡುಗ ಮೀಸೆ ತಿರುವುತ್ತಾನೆ.

ಇನ್ನೊಂದು ಆಟ ನೋಡಿ. ಭಾವನ ಹತ್ತಿರ 50,000 ಸಾಲ ತಂದು ಗಲ್ಲಾಕ್ಕೆ ಹಾಕಿ, ಅದನ್ನು ಮಾರಾಟ ಎಂದು ಬರೆಯಿರಿ. ಎರಡೂ ಕಡೆ 2,25,000 ಆಗಿ ಅದೂ ತಾಳೆಯಾಗುತ್ತದೆ. ಲಾಭ ಒಂದೇ ಏಟಿಗೆ 62,000! ಸಾಲವನ್ನು ಆದಾಯ ಎಂದು ತೋರಿಸುವ ಈ ಆಟವನ್ನು ದೊಡ್ಡದಾಗಿ ಆಡಿದರೆ ಅದಕ್ಕೆ ಪೊಂಜಿ ಎನ್ನುತ್ತಾರೆ. ಹೊಸಬರಿಂದ ತಂದ ದುಡ್ಡನ್ನು ಹಳಬರಿಗೆ ‘ಲಾಭ’ ಎಂದು ಹಂಚುವುದು. 2019ರ ಜೂನ್‌ನಲ್ಲಿ ಐಎಂಎ ಕುಸಿದಾಗ ಬೆಂಗಳೂರಿನ ಶಿವಾಜಿನಗರದಲ್ಲಿ ಸಾವಿರಾರು ಜನ ಕಣ್ಣೀರಿಡುತ್ತಾ ನಿಂತದ್ದನ್ನು ಈ ಊರು ನೋಡಿದೆ. ಲಾಭ ಎಂದು ಕೈಗೆ ಬಂದ ದುಡ್ಡು ಯಾವ ಖಾತೆಯಿಂದ ಬಂತು ಎಂದು ಕೇಳುವ ಮಗನೋ ಮಗಳೋ ಮನೆಗೊಬ್ಬರು ಇದ್ದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು!

ತಾಳೆಪಟ್ಟಿ ಹೇಳುವುದು ಕೂಡುವುದು ಕಳೆಯುವುದು ಸರಿಯಿದೆ ಎಂದು ಮಾತ್ರ. ವ್ಯವಹಾರವನ್ನು ಬರೆಯದೇ ಬಿಟ್ಟರೆ ಅದು ಹೇಳುವುದಿಲ್ಲ. ತಪ್ಪು ಖಾತೆಗೆ ಬರೆದರೆ ಹೇಳುವುದಿಲ್ಲ. ಎರಡು ತಪ್ಪು ಒಂದನ್ನೊಂದು ಮುಚ್ಚಿದರೆ ಆಗಲೂ ಹೇಳುವುದಿಲ್ಲ. 1986ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿಯೂ ಅಷ್ಟೇ. ಡೆಬಿಟ್ಟಿಗೆ ಕ್ರೆಡಿಟ್ ಸರಿಹೋಗದಿದ್ದರೆ ಅದು ಎಂಟ್ರಿ ಒಪ್ಪುವುದಿಲ್ಲ. ಆದರೆ ‘ಅಣ್ಣಾ, ಇದು ಅಡ್ವಾನ್ಸೋ ಬಾಡಿಗೆಯೋ?’ ಎಂದು ಅದು ಕೇಳುವುದಿಲ್ಲ. ಕೂಡುವ ಕೆಲಸ ಯಂತ್ರಕ್ಕೆ ಹೋಯಿತು. ಮನುಷ್ಯನಿಗೆ ಉಳಿದದ್ದು ಯೋಚಿಸುವ ಕೆಲಸ ಒಂದೇ. ನಮ್ಮ ಹುಡುಗರಿಗೆ ಕಲಿಸದೇ ಬಿಟ್ಟದ್ದೂ ಅದೊಂದನ್ನೇ! ತಿಂಗಳೊಪ್ಪತ್ತಿನಲ್ಲಿ ಟ್ಯಾಲಿ ಕಲಿಸುತ್ತೇವೆ ಎಂದು ಬೋರ್ಡು ಹಾಕಿದವರು ಕಲಿಸುವುದು ಯಾವ ಬಟನ್ ಒತ್ತಬೇಕು ಎಂಬುದನ್ನು. ಯಾಕೆ ಒತ್ತಬೇಕು ಎಂಬುದನ್ನಲ್ಲ.

5,040 ಕೋಟಿಯ ಪಾಸ್‌ಬುಕ್ಕು

ಬ್ಯಾಂಕ್ ಸಮನ್ವಯ ಪಟ್ಟಿ ಎಂಬ ಅಧ್ಯಾಯ ಬಂದ ಕೂಡಲೇ ಹುಡುಗರು ಆಕಳಿಸುತ್ತಾರೆ. ನಮ್ಮ ನಗದು ಪುಸ್ತಕದಲ್ಲಿ ಬ್ಯಾಂಕ್ ಬಾಕಿ 22,000 ಇದೆ. ನಾವು ಕೊಟ್ಟ 4,000ದ ಚೆಕ್ಕು ಇನ್ನೂ ಬ್ಯಾಂಕಿಗೆ ಬಂದಿಲ್ಲ. ಬ್ಯಾಂಕು 150 ಶುಲ್ಕ ಹಿಡಿದದ್ದು ನಮಗೆ ಗೊತ್ತಿಲ್ಲ. ಹಾಗಾದರೆ ಪಾಸ್‌ಬುಕ್ಕಿನಲ್ಲಿ 25,850 ಇರಬೇಕು. ಇದ್ದರೆ ಸರಿ. ಇಲ್ಲದಿದ್ದರೆ ಹುಡುಕು! ಇಷ್ಟೇ ಆ ಅಧ್ಯಾಯ. ನಮ್ಮ ಪುಸ್ತಕವನ್ನು ನಾವೇ ನಂಬಬಾರದು, ಹೊರಗಿನವನ ಪುಸ್ತಕದ ಜೊತೆ ಇಟ್ಟು ನೋಡಬೇಕು ಎಂಬ ನೀತಿ ಅದರಲ್ಲಿದೆ.

ಆಕಳಿಸುವವರು ಕೇಳಿ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಒಂದು ಪತ್ರ ಬರೆದರು. ಕಂಪನಿಯ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ ಎಂದು ಇದೆ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರೇ ಒಪ್ಪಿಕೊಂಡರು. ಆ ಪುಸ್ತಕಗಳು ತಾಳೆಯಾಗಿರಲಿಲ್ಲವೇ? ಬಹಳ ಚೆನ್ನಾಗಿ ತಾಳೆಯಾಗಿದ್ದವು! ಅಢಾವೆ ಪತ್ರಿಕೆ ಅಚ್ಚುಕಟ್ಟಾಗಿತ್ತು, ಆಡಿಟರ ರುಜು ಇತ್ತು. ಇಲ್ಲದ್ದು ದುಡ್ಡು ಮಾತ್ರ. ‘ಬ್ಯಾಂಕಿನ ಪುಸ್ತಕ ಏನು ಹೇಳುತ್ತದೆ?’ ಎಂದು ಪಟ್ಟು ಹಿಡಿದು ಕೇಳಬೇಕಿದ್ದ ಜಾಗದಲ್ಲಿ ಯಾರೂ ಕೇಳಲಿಲ್ಲ. ಪಿಯುಸಿ ಹುಡುಗ ಆಕಳಿಸುತ್ತಾ ನಕಲು ಮಾಡುವ ಅಧ್ಯಾಯವೇ ಅಲ್ಲಿ ದೇಶದ ಮಾನ ತೆಗೆಯಿತು. 2015ರಲ್ಲಿ ವಿಶೇಷ ನ್ಯಾಯಾಲಯ ರಾಜು ಮತ್ತು ಇತರರಿಗೆ ಶಿಕ್ಷೆ ವಿಧಿಸಿತು.

ಇಂಥ ಕಡೆ ಮೇಲಿನವನು ‘ಇಲ್ಲಿ ರುಜು ಹಾಕಪ್ಪ’ ಎಂದು ಕಾಗದ ನೂಕುವುದು ಕೆಳಗಿನ ಗುಮಾಸ್ತನ ಮುಂದೆ. ತಿಳಿಯದೇ ರುಜು ಹಾಕಿದವನು ನಾಳೆ ತನಿಖೆಗಾರರ ಮುಂದೆ ಕೈಕಟ್ಟಿ ನಿಲ್ಲಬೇಕು. ನಮ್ಮ ಹುಡುಗ ಅಲ್ಲಿ ನಿಲ್ಲಬಾರದು ಎಂದರೆ ‘ಇದು ಹೇಗೆ ಬಂತು ಸಾರ್?’ ಎಂದು ಕೇಳುವ ಎದೆಗಾರಿಕೆ ಬೇಕು. ಸ್ವತಃ ಲೆಕ್ಕ ಬಿಡಿಸಿದವನಿಗೆ ಮಾತ್ರ ಆ ಎದೆಗಾರಿಕೆ ಬರುತ್ತದೆ.

ಕ್ಯೂಆರ್ ಕೋಡು ಕಲಿಸಿದ ಪಾಠ

ಹೈದರಾಬಾದು ದೂರವಾಯಿತೇ? ನಮ್ಮ ಬೀದಿಗೇ ಬನ್ನಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಮೊತ್ತ ನೋಡಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಬೇಕರಿಯವನು, ಟೀ ಅಂಗಡಿಯವನು, ತರಕಾರಿಯವನು ಬೆಚ್ಚಿಬಿದ್ದ. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡು ಕಿತ್ತು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ಸರಕು ಮಾರುವವನಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವನಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕನ್ನೇ ಮಾರುವವನಿಗೆ ನೋಂದಣಿಯೇ ಬೇಡ.

ಆದರೆ ಇದನ್ನು ಇಲಾಖೆಯ ಮುಂದೆ ತೋರಿಸುವುದು ಹೇಗೆ? ಒಂದೇ ಫೋನಿಗೆ ವ್ಯಾಪಾರದ ದುಡ್ಡೂ ಬಂದಿದೆ, ತಂಗಿ ಕಳಿಸಿದ ದುಡ್ಡೂ ಬಂದಿದೆ, ಗೆಳೆಯ ತೀರಿಸಿದ ಕೈಸಾಲವೂ ಬಂದಿದೆ. ಬಂದ ದುಡ್ಡೆಲ್ಲ ಮಾರಾಟವಲ್ಲ ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಮೇಲೆ ನಾವು ಮಾಡಿದ ಅಂಗಡಿ ಲೆಕ್ಕದಲ್ಲೇ ಅದಿದೆ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಮಾರಾಟ ಬೇರೆ, ಸಾಲ ಬೇರೆ, ಮನೆ ವ್ಯವಹಾರ ಬೇರೆ ಎಂದು ಬರೆದಿಟ್ಟವನು ಎದೆಯೆತ್ತಿ ಉತ್ತರ ಕೊಡಬಲ್ಲ. ಬರೆದಿಡದವನು ಮಧ್ಯವರ್ತಿಯ ಕಾಲು ಹಿಡಿಯಬೇಕು. ನೋಟಿಸು ಬಂದ ಆ ಅಂಗಡಿಗಳಲ್ಲಿ ಎಷ್ಟರ ಮಾಲೀಕನ ಮಗ ಬಿ.ಕಾಂ. ಓದಿರಲಿಲ್ಲ ಹೇಳಿ! ಮೂರು ವರ್ಷ ಓದಿ ಅಪ್ಪನ ಗಲ್ಲಾಕ್ಕೆ ಒಂದು ನಗದು ಪುಸ್ತಕ ಹಾಕಿಕೊಡದ ವಿದ್ಯೆ ಯಾಕೆ ಬೇಕು?

ಯಾರ ಭಾಷೆಯಲ್ಲಿ ಲೆಕ್ಕ?

ಲೆಕ್ಕಶಾಸ್ತ್ರ ಇಂಗ್ಲಿಷಿನವರ ಸ್ವತ್ತು, ಕನ್ನಡದಲ್ಲಿ ಆಗುವುದಿಲ್ಲ ಎನ್ನುವ ಪಂಡಿತರಿದ್ದಾರೆ. ಅವರಿಗೊಂದು ಮಾತು. ಜೋಡಿ ನಮೂದು ಪದ್ಧತಿಯನ್ನು ವಿವರಿಸಿ ಅಚ್ಚಾದ ಮೊದಲ ಪುಸ್ತಕ ಬಂದದ್ದು 1494ರಲ್ಲಿ, ವೆನಿಸ್ ನಗರದಲ್ಲಿ. ಬರೆದವನು ಲೂಕಾ ಪಚೋಲಿ ಎಂಬ ಕ್ರೈಸ್ತ ಸನ್ಯಾಸಿ. ಪದ್ಧತಿ ಅವನದಲ್ಲ, ಅಲ್ಲಿನ ವರ್ತಕರದು. ಅಂದಿನ ಪಂಡಿತರ ಭಾಷೆ ಲ್ಯಾಟಿನ್. ಆದರೆ ಪಚೋಲಿ ಬರೆದದ್ದು ಲ್ಯಾಟಿನ್ನಿನಲ್ಲಲ್ಲ, ವರ್ತಕರು ಆಡುತ್ತಿದ್ದ ಇಟಾಲಿಯನ್ ಆಡುಮಾತಿನಲ್ಲಿ! ಜಗತ್ತಿಗೆ ಲೆಕ್ಕ ಕಲಿಸಿದ ಪುಸ್ತಕವೇ ಅಂಗಡಿಯವನ ಮಾತಿನಲ್ಲಿ ಹುಟ್ಟಿದೆ.

ನಮ್ಮಲ್ಲೂ ಕಡಿಮೆಯೇನಿರಲಿಲ್ಲ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದದ್ದು ಕನ್ನಡದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟೂ ಇದ್ದಿಲೂ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳಲ್ಲಿ ಮಠ ಮಂಡಿಗಳ ಜಮಾ ಖರ್ಚು ಕನ್ನಡದಲ್ಲೇ ನಡೆಯುತ್ತಿತ್ತು. ಉದ್ರಿ, ಬಾಕಿ, ಜಮೆ, ಸವಕಳಿ, ಬಂಡವಾಳ, ಖಾತೆ, ಯಾವ ಮಾತಿಗೆ ಬರವಿದೆ?

ಇವತ್ತು ಪಿಯುಸಿ ಲೆಕ್ಕಶಾಸ್ತ್ರವನ್ನು ಕನ್ನಡದಲ್ಲಿ ಬರೆಯಬಹುದು. ಮುಂದೆ ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆಂದರೆ? 1949ರ ಕಾಯಿದೆಯಿಂದ ಹುಟ್ಟಿದ ಸಂಸ್ಥೆ ಆ ಪರೀಕ್ಷೆಯನ್ನು ಇಂಗ್ಲಿಷ್‌ನಲ್ಲಿ ಬರೆ ಇಲ್ಲವೇ ಹಿಂದಿಯಲ್ಲಿ ಬರೆ ಎನ್ನುತ್ತದೆ. ಕಾನ್ಪುರದ ಹುಡುಗ ತನ್ನ ತಾಯ್ನುಡಿಯಲ್ಲಿ ಬರೆಯಬಹುದು, ಕೋಲಾರದ ಹುಡುಗಿ ಬರೆಯುವ ಹಾಗಿಲ್ಲ. ಡೆಬಿಟ್ಟಿಗೆ ಕ್ರೆಡಿಟ್ ಸಮ ಇರಬೇಕು ಎಂದು ದೇಶಕ್ಕೆ ಪಾಠ ಹೇಳುವವರ ತಕ್ಕಡಿ ಇದು! ಇದನ್ನು ಕೇಳಲೇಬೇಕು, ಜೋರಾಗಿಯೇ ಕೇಳಬೇಕು. ಆದರೆ ಕೇಳುವವನಿಗೆ ಲೆಕ್ಕ ಗೊತ್ತಿದ್ದರೆ ಆ ಕೂಗಿಗೆ ತೂಕ ಬರುತ್ತದೆ.

ಇಂಗ್ಲಿಷ್ ಪದ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಕಛೇರಿಯಲ್ಲಿ ಬೇಕಾಗುತ್ತದೆ, ಕಲಿಯಿರಿ. ಮೊದಲು ಕನ್ನಡದಲ್ಲಿ ಅರ್ಥವಾಗಲಿ, ಆಮೇಲೆ ಪದ ತಾನಾಗಿ ಬರುತ್ತದೆ. ಅರ್ಥವಾಗದ ವಿಷಯಕ್ಕೆ ಇಂಗ್ಲಿಷ್ ಪದ ಹಚ್ಚಿದರೆ ಅದು ಗೋಡೆಯಿಲ್ಲದ ಮನೆಗೆ ಸುಣ್ಣ ಹೊಡೆದ ಹಾಗೆ.

ನಾಳೆಯಿಂದಲೇ ಮಾಡಿ

ಗೆಳೆಯರೆ, ಕೆಲಸ ಸರಳವಾಗಿದೆ. ದಿನಕ್ಕೆ ಒಂದು ಪ್ರಾಬ್ಲಂ, ಒಂದೇ. ಉತ್ತರ ಮುಚ್ಚಿಡಿ. ಪ್ರತಿ ವ್ಯವಹಾರಕ್ಕೂ ಕನ್ನಡದಲ್ಲಿ ಮೂರು ಪ್ರಶ್ನೆ ಕೇಳಿ: ಇದು ಯಾರ ಪುಸ್ತಕ? ಏನು ಬಂತು, ಏನು ಹೋಯಿತು? ಇದು ವಾಪಸು ಬರುವುದೋ, ಮುಗಿದು ಹೋಗುವುದೋ? ಆಮೇಲೆ ಬರೆಯಿರಿ. ತಾಳೆಯಾಗದಿದ್ದರೆ ಗೈಡು ತೆರೆಯಬೇಡಿ. ವ್ಯತ್ಯಾಸ ಎಷ್ಟಿದೆ ನೋಡಿ, ಅದರ ಅರ್ಧದ ಮೊತ್ತ ಎಲ್ಲಾದರೂ ತಪ್ಪು ಕಡೆ ಕೂತಿದೆಯೇ ಹುಡುಕಿ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ 54ನ್ನು 45 ಎಂದು ತಿರುಗಿಸಿ ಬರೆದಿರಬಹುದು. ಆ ಹುಡುಕಾಟದಲ್ಲಿ ಕಳೆದ ಒಂದು ಗಂಟೆ ನಕಲಿನ ಹತ್ತು ಗಂಟೆಗೆ ಸಮ.

ಕಡೆಗೆ ನಮ್ಮ ಸಂಘಗಳಿಗೂ ಒಂದು ಮಾತು, ಕಹಿಯಾದರೂ ಕೇಳಿ. ನವೆಂಬರ್ ಒಂದರಂದು ಬೀದಿ ಬೀದಿಯಲ್ಲಿ ಬಾವುಟ ಏರುತ್ತದೆ. ಚಂದಾ ರಸೀದಿ ಹರಿಯುತ್ತದೆ. ಡಿಸೆಂಬರ್ ಒಂದರಂದು ಎಷ್ಟು ಸಂಘಗಳು ಲೆಕ್ಕಪತ್ರವನ್ನು ಅದೇ ಬೀದಿಯ ಗೋಡೆಗೆ ಅಂಟಿಸುತ್ತವೆ? ಶಾಮಿಯಾನಕ್ಕೆ ಎಷ್ಟು, ಆರ್ಕೆಸ್ಟ್ರಾಕ್ಕೆ ಎಷ್ಟು, ಉಳಿದದ್ದು ಎಷ್ಟು? ಕಾಮರ್ಸ್ ಓದುವ ಹುಡುಗ ಹುಡುಗಿಯರು ಪ್ರತಿ ಸಂಘದಲ್ಲೂ ಇದ್ದಾರೆ. ಈ ಸಲದ ರಸೀದಿ ಪುಸ್ತಕ ಅವರ ಕೈಗೆ ಕೊಡಿ. ನಗದು ಪುಸ್ತಕ ಬರೆಯಲಿ, ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಲಿ, ಜಮಾ ಖರ್ಚಿನ ಪಟ್ಟಿಯನ್ನು ಅಚ್ಚಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಚಂದಾ ಕೊಟ್ಟವನು ಕೋಡಂಗಿ ಅಲ್ಲ ಎಂದು ತೋರಿಸಲಿ!